ಚುಕ್ಕೆಗೆರೆಯ ಬಂಧ

ಪಿಯುಸಿಯ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಗಟ್ಟಿ ಬಂಧಗಳಿಗೆ ನೇರ ಗೆರೆ ಎಳೆದಿರುತ್ತಾರೆ. ಹೈಡ್ರೋಜನ್ ಬಂಧಕ್ಕೆ ಮಾತ್ರ ಚುಕ್ಕೆಗಳ ಸಾಲು, ಇದ್ದೂ ಇಲ್ಲದಂತೆ. ಆ ಚುಕ್ಕೆಗಳ ಚರಿತ್ರೆಯನ್ನು ಓದುತ್ತ ಹೋದಂತೆ, ಕಳೆದ ಶತಮಾನದ ಬಹುದೊಡ್ಡ ಶೋಧವೊಂದು ಅವುಗಳ ಮೇಲೆಯೇ ನಿಂತಿದೆ ಎಂಬುದು ನನಗೆ ಮನದಟ್ಟಾಯಿತು.

ಮೊದಲು ನೀರನ್ನು ನೋಡೋಣ. ಅದರ ಅಣುವಿನೊಳಗಿನ ಆಕ್ಸಿಜನ್-ಹೈಡ್ರೋಜನ್ ಬಂಧ ಮುರಿಯಲು ಮೋಲ್ ಒಂದಕ್ಕೆ ಸುಮಾರು 460 ಕಿಲೋಜೂಲ್ ಶಕ್ತಿ ಬೇಕು. ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನಿನತ್ತ ವಾಲಿ ಬೆಳೆಸುವ ನಂಟನ್ನು ಬಿಡಿಸಲು ಸುಮಾರು 20 ಸಾಕು. ಆದರೂ ಈ ದುರ್ಬಲ ನಂಟಿನ ಪ್ರತಾಪ ಸಣ್ಣದಲ್ಲ. ನೀರಿಗಿಂತ ಭಾರವಾದ ಅಣುವಿರುವ ಹೈಡ್ರೋಜನ್ ಸಲ್ಫೈಡ್ -60 ಡಿಗ್ರಿಯಲ್ಲೇ ಕುದಿದುಹೋಗುತ್ತದೆ. ನೀರು ಕುದಿಯಲು 100 ಡಿಗ್ರಿ ಬೇಕು.

ಅಣುಗಳು ಪರಸ್ಪರ ಸೆಳೆಯುತ್ತವೆ ಎಂಬುದನ್ನು ಲೆಕ್ಕಕ್ಕೆ ತಂದವರು ಡಚ್ ವಿಜ್ಞಾನಿ ವಾನ್ ಡರ್ ವಾಲ್ಸ್, 1873ರ ತಮ್ಮ ಪ್ರಬಂಧದಲ್ಲಿ. 1920ರಲ್ಲಿ ಬರ್ಕ್ಲಿಯ ಲ್ಯಾಟಿಮರ್ ಮತ್ತು ರೋಡೆಬುಷ್, ಒಂದು ಹೈಡ್ರೋಜನ್ ಎರಡು ಅಣುಗಳ ನಡುವೆ ಕೊಂಡಿಯಾಗಬಲ್ಲದೆಂದು ಬರೆದರು. ಅಲ್ಲಿನ ವಿದ್ಯಾರ್ಥಿ ಮಾರಿಸ್ ಹಗಿನ್ಸ್‌ಗೂ ಅದೇ ಹೊತ್ತಿಗೆ ಈ ಯೋಚನೆ ಹೊಳೆದಿತ್ತು. ಅದನ್ನು ರಸಾಯನಶಾಸ್ತ್ರದ ಮನೆಮಾತು ಮಾಡಿದ್ದು 1939ರ ಲೈನಸ್ ಪಾಲಿಂಗ್ ಅವರ ಪುಸ್ತಕ.

ವಿಚಿತ್ರವೆಂದರೆ, ಎಡವಿದ್ದೂ ಅದೇ ಪಾಲಿಂಗ್. 1953ರ ಫೆಬ್ರವರಿಯಲ್ಲಿ ಅವರು ಡಿಎನ್‌ಎಗೆ ಮೂರು ಎಳೆಗಳ ರಚನೆಯೊಂದನ್ನು ಪ್ರಕಟಿಸಿದರು. ನಡುವೆ ಫಾಸ್ಫೇಟುಗಳು, ಅವನ್ನು ಹಿಡಿದಿಡಲು ಹೈಡ್ರೋಜನ್ ಬಂಧಗಳು. ಆದರೆ ಡಿಎನ್‌ಎ ಒಂದು ಆಮ್ಲ. ಜೀವಕೋಶದಲ್ಲಿ ಅದರ ಫಾಸ್ಫೇಟುಗಳು ಹೈಡ್ರೋಜನ್ ಕಳೆದುಕೊಂಡು ಋಣ ವಿದ್ಯುದಂಶ ಹೊತ್ತಿರುತ್ತವೆ. ಬಂಧಕ್ಕೆ ಬೇಕಾದ ಹೈಡ್ರೋಜನ್ನೇ ಅಲ್ಲಿಲ್ಲ!

ಅತ್ತ ಕೇಂಬ್ರಿಡ್ಜಿನಲ್ಲಿ ಜೇಮ್ಸ್ ವಾಟ್ಸನ್ ಬೇರೊಂದು ದಾರಿ ತಪ್ಪಿದ್ದರು. ಪಠ್ಯಪುಸ್ತಕ ನೋಡಿ ಗ್ವಾನಿನ್, ಥೈಮಿನ್‌ಗಳ ಚಿತ್ರ ಬರೆದು, ಒಂದೇ ಬಗೆಯ ಪ್ರತ್ಯಾಮ್ಲಗಳನ್ನು ಜೋಡಿಸುತ್ತಿದ್ದರು. ಅವರ ಕೋಣೆಯಲ್ಲೇ ಕೂರುತ್ತಿದ್ದ ಅಮೆರಿಕದ ಜೆರ್ರಿ ಡೊನೊಹ್ಯೂ ಅದನ್ನು ತಳ್ಳಿಹಾಕಿದರು. ಪುಸ್ತಕದಲ್ಲಿ ಹೈಡ್ರೋಜನ್ನನ್ನು ಕೂರಿಸಿದ ಜಾಗವೇ ತಪ್ಪು, ಅದು ಆಕ್ಸಿಜನ್ನಿನ ಮೇಲಲ್ಲ, ನೈಟ್ರೋಜನ್ನಿನ ಮೇಲಿರಬೇಕು ಎಂಬುದು ಅವರ ವಾದ. ಡೊನೊಹ್ಯೂ ಪಾಲಿಂಗ್ ಜೊತೆ ಕೆಲಸ ಮಾಡಿ ಪಳಗಿದವರು.

ಲೋಹದ ಮಾದರಿಗಳು ಇನ್ನೂ ಸಿದ್ಧವಾಗಿರಲಿಲ್ಲ. ವಾಟ್ಸನ್ ರಟ್ಟು ಕತ್ತರಿಸಿ ಹೊಸ ಆಕಾರಗಳನ್ನು ಮಾಡಿಕೊಂಡರು. ಫೆಬ್ರವರಿ 28ರ ಬೆಳಿಗ್ಗೆ ಅಡೆನಿನ್ ಥೈಮಿನ್‌ಗೆ, ಗ್ವಾನಿನ್ ಸೈಟೊಸಿನ್‌ಗೆ ಕೂಡಿಕೊಂಡವು. ಎರಡು ಜೋಡಿಗಳ ಅಗಲವೂ ಒಂದೇ. ಜೋಡಿಗಳು ಒಂದೇ ಪ್ರಮಾಣದಲ್ಲಿರುತ್ತವೆಂದು ಚಾರ್ಗಾಫ್ ಕಂಡುಕೊಂಡಿದ್ದಕ್ಕೆ ಕಾರಣ ಸಿಕ್ಕಿತು. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಕ್ಷ-ಕಿರಣದ ಮಾಹಿತಿಗೂ ಇದು ಹೊಂದುವಂತಿತ್ತು.

ಪ್ರತಿ ಬಂಧವೂ ದುರ್ಬಲವಾದ್ದರಿಂದಲೇ ಕೋಶ ವಿಭಜನೆಯ ಹೊತ್ತಿಗೆ ಎಳೆಗಳನ್ನು ಬಿಡಿಸಬಹುದು. ಸಾವಿರಾರು ಬಂಧಗಳು ಒಟ್ಟಿಗಿರುವುದರಿಂದ ಉಳಿದ ಹೊತ್ತಿನಲ್ಲಿ ಅವು ಬಿಟ್ಟುಕೊಳ್ಳುವುದಿಲ್ಲ. ಇವೆರಡೂ ಇಲ್ಲದೆ ತಾಯಿಯ ಮೂಗು ಮಗಳಿಗೆ ಬರುತ್ತಿರಲಿಲ್ಲ.

ಏಪ್ರಿಲ್ 25ರ 'ನೇಚರ್' ಪತ್ರಿಕೆಯಲ್ಲಿ ವಾಟ್ಸನ್ ಮತ್ತು ಕ್ರಿಕ್ ಅವರ ಲೇಖನ ಬಂತು. ಅದರ ಕೊನೆಯ ಕೃತಜ್ಞತೆಯ ಸಾಲುಗಳಲ್ಲಿ ಡೊನೊಹ್ಯೂ ಹೆಸರಿದೆ. ಆ ಲೇಖನ ಓದುವ ವಿದ್ಯಾರ್ಥಿಗಳಿಗೆ ನನ್ನದೊಂದು ಮನವಿ: ಅಲ್ಲಿಯವರೆಗೂ ಓದಿ.