ಊರ ಹೆಸರು, ಹೊಲದ ಹೆಸರು

ಕೊಪ್ಪಳ ನಾಡಿನ ಇತಿಹಾಸವು ಶಿಲೆಗಳಲ್ಲಿ ಮಾತ್ರವಲ್ಲದೆ ಜನರ ನಾಲಗೆಯ ಮೇಲೆಯೂ ಉಳಿದು ಬಂದಿದೆ. ಶಾಸನದ ಅಕ್ಷರಗಳು ಸವೆಯುವ ಮೊದಲೇ ಅವುಗಳ ಪಡಿಯಚ್ಚು ತೆಗೆದಿಡುವ ವಿದ್ವಾಂಸರುಂಟು. ನಾಲಗೆಯ ಮೇಲಿನ ಹೆಸರಾದರೋ ಹೇಳುವವರೊಡನೆಯೇ ಮಣ್ಣುಗೂಡುತ್ತದೆ.

ಊರ ಹೆಸರುಗಳ ಅದೃಷ್ಟ ದೊಡ್ಡದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳೊಡನೆ ಕೊಪಣವನ್ನು ಹೆಸರಿಸಿದೆ. ಆ ಕೊಪಣವೇ ಇಂದಿನ ಕೊಪ್ಪಳ. ಹೈದರಾಬಾದು ಸಂಸ್ಥಾನದ ಪುರಾತತ್ತ್ವ ಇಲಾಖೆಯು 1935ರಲ್ಲಿ ಇಲ್ಲಿಯ ಕನ್ನಡ ಶಾಸನಗಳನ್ನು ಪ್ರಕಟಿಸಿದಾಗ ಅದೇ ಹೆಸರು 'ಕೊಪ್‌ಬಾಳ' ಎಂದು ಅಚ್ಚಾಯಿತು. ಸಿಂದರ ರಾಜಧಾನಿಯಾಗಿದ್ದ ಎರಂಬರಗೆ ಇಂದು ಯಲಬುರ್ಗಾ. 1112ರಲ್ಲಿ ಮಹಾದೇವ ದಂಡನಾಯಕನು ದೇವಾಲಯವನ್ನೆತ್ತಿಸಿದ ಇಟ್ಟಗೆ ಇಂದು ಇಟಗಿ. ಕುಷ್ಟಗಿ ಸೀಮೆಯ ತಾವರಗೇರಾ ತಾವರೆಯ ಕೆರೆಯನ್ನು ಇಂದಿಗೂ ತನ್ನ ಹೆಸರಿನಲ್ಲಿರಿಸಿಕೊಂಡಿದೆ.

ಜನರಿಟ್ಟ ಹೆಸರಿನ ಬೆಲೆಗೆ ಇನ್ನೊಂದು ನಿದರ್ಶನವುಂಟು. 1931ರಲ್ಲಿ ಕೊಪ್ಪಳದ ಬಂಡೆಗಳ ಮೇಲೆ ಅಶೋಕನ ಎರಡು ಶಾಸನಗಳು ಬೆಳಕಿಗೆ ಬಂದವು. ಲೋಕದ ವಿದ್ವಾಂಸರು ಅವನ್ನು ಇಂದಿಗೂ ಗವಿಮಠ, ಪಾಲ್ಕಿಗುಂಡು ಎಂಬ ಸ್ಥಳೀಯ ಹೆಸರುಗಳಿಂದಲೇ ಗುರುತಿಸುತ್ತಾರೆ. ವಚನ ಸಾಹಿತ್ಯದಲ್ಲಂತೂ ಸ್ಥಳನಾಮವು ಉಪಾಸನೆಯ ಪದವೇ ಆಗಿದೆ: ಬಸವಣ್ಣನವರ ಅಂಕಿತದಲ್ಲಿ ಕೃಷ್ಣಾ ಮಲಪ್ರಭೆಗಳು ಕೂಡುವ ನೆಲೆಯಿದೆ.

ಆದರೆ ಊರೊಳಗಿನ ಹೊಲ, ಹಳ್ಳ, ದಿಬ್ಬಗಳ ಹೆಸರುಗಳಿಗೆ ಈ ಅದೃಷ್ಟವಿಲ್ಲ. ಹಿಂದಿನವರು ಅವನ್ನು ಕಡೆಗಣಿಸಿದವರಲ್ಲ. ದತ್ತಿ ಶಾಸನಗಳು ಭೂಮಿಯ ಎಲ್ಲೆಯನ್ನು ಹಳ್ಳ, ಹುತ್ತ, ಮರ, ದಾರಿಗಳಿಂದ ಗುರುತಿಸಿ ಹೇಳುತ್ತವೆ. ಇಂದಿನ ಪಹಣಿಗೆ ಸರ್ವೆ ನಂಬರು ಸಾಕು. ಬನ್ನಿಗಿಡದ ಹೊಲ, ಮಠದ ಮಾನ್ಯ, ಹಾಳೂರ ದಿಬ್ಬ ಎಂಬಂಥ ಹೆಸರುಗಳು ಆ ಅಂಕಿಯ ಹಿಂದೆ ಮರೆಯಾಗುತ್ತವೆ. ಹಾಳೂರ ದಿಬ್ಬದ ಹೆಸರು ಅಳಿದರೆ ಅಲ್ಲಿ ಹಿಂದೊಮ್ಮೆ ಊರಿತ್ತೆಂಬ ಸುಳಿವೂ ಅಳಿಯುತ್ತದೆ.

ಈ ನಷ್ಟ ಬರಿಯ ಊಹೆಯಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಾಗ ಕೊಪ್ಪಳ ತಾಲ್ಲೂಕಿನ ಹಲವು ಹಳ್ಳಿಗಳು ಮುಳುಗಿದವು. ಎದ್ದುಬಂದವರೊಡನೆ ಊರ ಹೆಸರು ಹೊಸ ನೆಲೆಗೆ ನಡೆದು ಬರಬಹುದು. ಹೊಲದ ಹೆಸರು ಹಾಗೆ ಬರಲಾರದು.

ಸಂಗ್ರಹಿಸುವವರಿಗೆ ಒಂದು ಎಚ್ಚರಿಕೆ ಬೇಕು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನಲ್ಲಿ ಕಬ್ಬಿಣಯುಗದ ಶಿಲಾಸಮಾಧಿಗಳಿರುವ ಬೆಟ್ಟವನ್ನು ಜನರು ಮೋರೇರ ಗುಡ್ಡವೆನ್ನುತ್ತಾರೆ. ಉಚ್ಚಾರಸಾಮ್ಯವೊಂದನ್ನೇ ಹಿಡಿದು ಅದನ್ನು ಮೌರ್ಯರಿಗೆ ಸೇರಿಸುವುದು ಆತುರದ ಮಾತು. ಮೊದಲು ಹೆಸರು ಜನರ ಬಾಯಲ್ಲಿರುವಂತೆಯೇ ದಾಖಲಾಗಬೇಕು. ಅರ್ಥದ ವಿಚಾರ ಅನಂತರದ್ದು.

ಈ ಕೆಲಸಕ್ಕೆ ದೊಡ್ಡ ಸಾಧನಗಳು ಬೇಕಿಲ್ಲ. ವಿದ್ಯಾರ್ಥಿಯೊಬ್ಬನು ಗ್ರಾಮದ ನಕಾಶೆಯನ್ನು ಹಿಡಿದು ಊರಿನ ಹಿರಿಯ ರೈತರೊಡನೆ ಹೊಲಗಳನ್ನು ಸುತ್ತಿ, ಸರ್ವೆ ನಂಬರಿನ ಮುಂದೆ ಹೆಸರನ್ನೂ ಹೇಳಿದವರನ್ನೂ ದಿನಾಂಕವನ್ನೂ ಬರೆದಿಟ್ಟರೆ ಸಾಕು. ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಕೇಳಬೇಕಾದ ಕಾಲವಿದು.