ಪ್ರತಿಜೀವಕಗಳಿಂದ ಉಂಟಾಗುವ ಸೆಳವು

ಬ್ಯಾಕ್ಟೀರಿಯಾ ಸೋಂಕಿಗೆ ನೀಡುವ ಕೆಲವು ಪ್ರತಿಜೀವಕಗಳು ಮಿದುಳಿನ ನರಕೋಶಗಳನ್ನು ಅತಿಯಾಗಿ ಉದ್ರೇಕಿಸಿ ಸೆಳವನ್ನು ಉಂಟುಮಾಡಬಲ್ಲವು. ಆಡುಮಾತಿನಲ್ಲಿ ಇದನ್ನು ಫಿಟ್ಸ್ ಎನ್ನುತ್ತಾರೆ. ಇದು ವಿರಳವಾದ ಅಡ್ಡಪರಿಣಾಮವಾಗಿದೆ. ಮೂತ್ರಪಿಂಡಗಳ ಕಾರ್ಯಕ್ಷಮತೆಗೆ ತಕ್ಕಂತೆ ಔಷಧದ ಪ್ರಮಾಣವನ್ನು ಹೊಂದಿಸದಿರುವುದು ಇದರ ಪ್ರಮುಖ ಹಾಗೂ ತಡೆಯಬಹುದಾದ ಕಾರಣ. ಇದು ಅಪಸ್ಮಾರ ರೋಗವಲ್ಲ. ಔಷಧವು ದೇಹದಿಂದ ಹೊರಹೋದ ಬಳಿಕ ಸೆಳವು ಸಾಮಾನ್ಯವಾಗಿ ಮರುಕಳಿಸುವುದಿಲ್ಲ.

ಇತಿಹಾಸ

ಪೆನಿಸಿಲಿನ್ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಈ ಪರಿಣಾಮವು ಗಮನಕ್ಕೆ ಬಂದಿತು. ಮಿದುಳಿನ ಕುಹರದೊಳಗೆ ನೇರವಾಗಿ ಪೆನಿಸಿಲಿನ್ ಚುಚ್ಚುವುದರಿಂದ ಸೆಳವು ಬರಬಹುದೆಂದು ಅಮೆರಿಕದ ವೈದ್ಯರಾದ ಜಾನ್ಸನ್ ಮತ್ತು ವಾಕರ್ 1945ರಲ್ಲಿ ಎಚ್ಚರಿಸಿದರು. ಮುಂದೆ ಇದೇ ಗುಣವನ್ನು ಬಳಸಿಕೊಂಡು ಪ್ರಾಣಿಗಳಲ್ಲಿ ಅಪಸ್ಮಾರದ ಅಧ್ಯಯನ ನಡೆಸಲಾಯಿತು.

ಕಾರ್ಯವಿಧಾನ

ಗಾಬಾ ಎಂಬ ನರಪ್ರೇಕ್ಷಕವು ನರಕೋಶಗಳ ಉದ್ರೇಕವನ್ನು ಹತೋಟಿಯಲ್ಲಿಡುತ್ತದೆ. ಪೆನಿಸಿಲಿನ್, ಸೆಫಲೋಸ್ಪೊರಿನ್ ಮತ್ತು ಕಾರ್ಬಪೆನೆಮ್‌ಗಳನ್ನು ಒಳಗೊಂಡ ಬೀಟಾ-ಲ್ಯಾಕ್ಟಮ್ ಗುಂಪಿನ ಔಷಧಗಳು ಗಾಬಾ ಗ್ರಾಹಕಗಳ ಕೆಲಸಕ್ಕೆ ಅಡ್ಡಿಪಡಿಸುತ್ತವೆ. ಸಿಪ್ರೊಫ್ಲಾಕ್ಸಸಿನ್‌ನಂತಹ ಫ್ಲೋರೊಕ್ವಿನೊಲೋನ್‌ಗಳೂ ಹೀಗೆಯೇ ವರ್ತಿಸುತ್ತವೆ. ಕ್ಷಯರೋಗದ ಔಷಧವಾದ ಐಸೋನಿಯಾಜಿಡ್‌ನ ದಾರಿ ಬೇರೆ. ಅದು ಬಿ6 ಜೀವಸತ್ವದ ಕ್ರಿಯಾಶೀಲ ರೂಪವನ್ನು ಕಡಿಮೆಮಾಡಿ ಗಾಬಾದ ಉತ್ಪಾದನೆಯನ್ನೇ ಕುಗ್ಗಿಸುತ್ತದೆ.

ಅಪಾಯದ ಅಂಶಗಳು

ಮೂತ್ರಪಿಂಡಗಳ ವೈಫಲ್ಯ, ಇಳಿವಯಸ್ಸು, ಅತಿ ಪ್ರಮಾಣ, ಹಿಂದಿನ ಅಪಸ್ಮಾರ ಹಾಗೂ ಮಿದುಳಿನ ಗಾಯ ಅಥವಾ ಸೋಂಕು ಅಪಾಯವನ್ನು ಹೆಚ್ಚಿಸುತ್ತವೆ. ಬೀಟಾ-ಲ್ಯಾಕ್ಟಮ್‌ಗಳಲ್ಲಿ ಹೆಚ್ಚಿನವು ಮೂತ್ರದ ಮೂಲಕ ಹೊರಹೋಗುವುದರಿಂದ, ಮೂತ್ರಪಿಂಡಗಳು ದುರ್ಬಲವಾದಾಗ ವಾಡಿಕೆಯ ಪ್ರಮಾಣವೇ ಅತಿಯಾಗಬಹುದು.

ಔಷಧಗಳ ನಡುವಿನ ಪರಸ್ಪರ ಕ್ರಿಯೆಯೂ ಮುಖ್ಯ. ಮೆರೊಪೆನೆಮ್‌ನಂತಹ ಕಾರ್ಬಪೆನೆಮ್‌ಗಳು ರಕ್ತದಲ್ಲಿನ ವಾಲ್ಪ್ರೊಯೇಟ್ ಮಟ್ಟವನ್ನು ಶೀಘ್ರವಾಗಿ ಇಳಿಸುತ್ತವೆ. ರಿಫಾಂಪಿಸಿನ್ ಫೆನಿಟಾಯಿನ್ ಮಟ್ಟವನ್ನು ತಗ್ಗಿಸುತ್ತದೆ. ಇದರಿಂದ ಹತೋಟಿಯಲ್ಲಿದ್ದ ಅಪಸ್ಮಾರವು ಮರಳಬಹುದು.

ಲಕ್ಷಣಗಳು

ಕೈಕಾಲುಗಳ ಸೆಟೆತ ಮತ್ತು ಅದುರುವಿಕೆ, ಪ್ರಜ್ಞೆ ತಪ್ಪುವಿಕೆ ಪರಿಚಿತ ಲಕ್ಷಣಗಳು. ಆದರೆ ಕೆಲವರಲ್ಲಿ ಅದುರುವಿಕೆಯೇ ಇಲ್ಲದೆ, ಗೊಂದಲ, ಮಂಪರು ಅಥವಾ ಮಾತು ನಿಲ್ಲುವಿಕೆ ಮಾತ್ರ ಕಾಣಬಹುದು. ಇಂತಹ ಸೆಳವನ್ನು ಸೋಂಕಿನ ನಿತ್ರಾಣವೆಂದು ತಪ್ಪಾಗಿ ತಿಳಿಯುವ ಸಂಭವವಿದ್ದು, ಖಚಿತಪಡಿಸಿಕೊಳ್ಳಲು ಇಇಜಿ ಪರೀಕ್ಷೆ ಅಗತ್ಯ. ಸೆಫೆಪೈಮ್ ಪಡೆದವರಲ್ಲಿ ಇಂತಹ ಪ್ರಕರಣಗಳು ವರದಿಯಾದ ಕಾರಣ, ಮೂತ್ರಪಿಂಡಗಳ ತೊಂದರೆಯುಳ್ಳವರಿಗೆ ಪ್ರಮಾಣವನ್ನು ಹೊಂದಿಸಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2012ರಲ್ಲಿ ಸೂಚಿಸಿತು.

ಚಿಕಿತ್ಸೆ ಮತ್ತು ತಡೆಗಟ್ಟುವಿಕೆ

ಕಾರಣವಾದ ಔಷಧವನ್ನು ನಿಲ್ಲಿಸಿ ಬೇರೊಂದು ಪ್ರತಿಜೀವಕವನ್ನು ನೀಡಲಾಗುತ್ತದೆ ಅಥವಾ ಪ್ರಮಾಣವನ್ನು ಇಳಿಸಲಾಗುತ್ತದೆ. ಸೆಳವನ್ನು ತಡೆಯಲು ಲೊರಾಜೆಪಾಮ್‌ನಂತಹ ಬೆಂಜೊಡಯಾಜೆಪೀನ್‌ಗಳನ್ನು ಬಳಸುತ್ತಾರೆ. ಐಸೋನಿಯಾಜಿಡ್ ಅತಿಸೇವನೆಯಿಂದ ಬಂದ ಸೆಳವಿಗೆ ಪಿರಿಡಾಕ್ಸಿನ್, ಅಂದರೆ ಬಿ6 ಜೀವಸತ್ವವೇ ಪ್ರತ್ಯೌಷಧ. ಮೂತ್ರಪಿಂಡಗಳು ವಿಫಲವಾಗಿದ್ದರೆ ಡಯಾಲಿಸಿಸ್ ಮೂಲಕ ಸೆಫೆಪೈಮ್‌ನಂತಹ ಔಷಧಗಳನ್ನು ಹೊರತೆಗೆಯಬಹುದು.

ಅಪಸ್ಮಾರ ಅಥವಾ ಮೂತ್ರಪಿಂಡಗಳ ಕಾಯಿಲೆ ಇರುವವರು ಅದನ್ನೂ ತಾವು ಸೇವಿಸುತ್ತಿರುವ ಔಷಧಗಳನ್ನೂ ವೈದ್ಯರಿಗೆ ಮೊದಲೇ ತಿಳಿಸುವುದು ಮುಖ್ಯ. ಚಿಕಿತ್ಸೆ ಪಡೆಯದ ಸೋಂಕು ಮತ್ತು ಜ್ವರ ಸ್ವತಃ ಸೆಳವನ್ನು ತರಬಲ್ಲವಾದ್ದರಿಂದ, ಭಯದಿಂದ ಪ್ರತಿಜೀವಕವನ್ನು ತಾವಾಗಿಯೇ ನಿಲ್ಲಿಸುವುದೂ ಅಪಾಯಕಾರಿ.