ಅಂಚೆಯ ಕಾರ್ಡೂ ಜರೆಯ ನಗೆಯೂ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹಾಸ್ಯರಸವನ್ನು ನಿರೂಪಿಸುವಾಗ, ಅದು ಆತ್ಮಸ್ಥವೆಂದೂ ಪರಸ್ಥವೆಂದೂ ಎರಡು ಬಗೆಯಾಗಿರುವುದೆಂದು ಹೇಳಿರುವನು. ತಾನೇ ನಗುವುದು ಆತ್ಮಸ್ಥ. ಇತರರನ್ನು ನಗಿಸುವುದು ಪರಸ್ಥ. ಈ ವಿಭಾಗವು ರಂಗಭೂಮಿಗಾಗಿ ಹೇಳಿದುದಾದರೂ ಚಿತ್ರಕಲೆಗೂ ಚೆನ್ನಾಗಿ ಹೊಂದುತ್ತದೆ. ಚಿತ್ರದಲ್ಲಿರುವವರು ನಗದೆ ಇದ್ದರೂ ಅವರನ್ನು ಕಂಡು ನೋಡುವವನು ನಗಬಹುದು. ಅಥವಾ ಚಿತ್ರದಲ್ಲಿರುವವರೇ ಮನಸಾರೆ ನಗುತ್ತಿದ್ದು, ಆ ನಗೆಯು ನೋಡುವವನಿಗೂ ಅಂಟಬಹುದು. ಮೊದಲನೆಯದರಲ್ಲಿ ಚಿತ್ರಿತರಾದವರು ನಗೆಗೆ ಗುರಿ. ಎರಡನೆಯದರಲ್ಲಿ ನಗೆಗೆ ಒಡೆಯರು. ಯೂರೋಪಿನ ಹಾಸ್ಯಚಿತ್ರಗಳಲ್ಲಿ ಬಹುಕಾಲ ನಗೆಗೆ ಗುರಿಯಾಗಿದ್ದ ವೃದ್ಧಸ್ತ್ರೀಯು ಅದರ ಒಡತಿಯಾದ ವೃತ್ತಾಂತವು, ಅಂಚೆಯ ಕಾರ್ಡೆಂಬ ಅಲ್ಪಬೆಲೆಯ ಕಾಗದದ ಮೇಲೆ ಚಿತ್ರಿತವಾಗಿದೆ. ಆ ವೃತ್ತಾಂತದಲ್ಲಿ ಫಿನ್ಲೆಂಡಿನ ಚಿತ್ರಗಾರ್ತಿ ಇಂಗೆ ಲ್ಯೋಕ್ ಎಂಬವರ ಹೆಸರು ಮುಖ್ಯವಾದುದು.

ಅಂಚೆಯ ಕಾರ್ಡು ಹುಟ್ಟಿದುದು ಚಿತ್ರಕ್ಕಾಗಿ ಅಲ್ಲ, ಮಿತವ್ಯಯಕ್ಕಾಗಿ. 1865ರಲ್ಲಿ ಪ್ರಷ್ಯದ ಅಂಚೆಯ ಅಧಿಕಾರಿ ಹೈನ್ರಿಖ್ ಫಾನ್ ಸ್ಟೆಫಾನನು ಇಂತಹ ತೆರೆದ ಓಲೆಯೊಂದನ್ನು ಸೂಚಿಸಿದಾಗ ಅದು ಅಂಗೀಕೃತವಾಗಲಿಲ್ಲ. 1869ನೆಯ ಜನವರಿಯಲ್ಲಿ ವಿಯೆನ್ನಾ ನಗರದ ಅರ್ಥಶಾಸ್ತ್ರಜ್ಞ ಇಮಾನ್ಯುಯೆಲ್ ಹೆರ್ಮಾನನು, ನಾಲ್ಕು ಮಾತಿನ ಸಮಾಚಾರಕ್ಕೆ ಲಕೋಟೆಯ ವೆಚ್ಚವೇತಕ್ಕೆಂದು ವೃತ್ತಪತ್ರಿಕೆಯೊಂದರಲ್ಲಿ ವಾದಿಸಿದನು. ಅದೇ ವರ್ಷದ ಅಕ್ಟೋಬರ್ 1ರಂದು ಆಸ್ಟ್ರಿಯ-ಹಂಗೆರಿಯ ಸರ್ಕಾರವು ಎರಡು ಕ್ರಾಯ್ಟ್ಸರ್ ಬೆಲೆಯ ಕಾರ್ಡನ್ನು ಹೊರಡಿಸಿತು. ಮೊದಲ ಮೂರು ತಿಂಗಳುಗಳಲ್ಲಿಯೇ ಸುಮಾರು 30 ಲಕ್ಷ ಕಾರ್ಡುಗಳು ಮಾರಾಟವಾದುವು. ಮರುವರ್ಷ ಇಂಗ್ಲೆಂಡಿನಲ್ಲಿಯೂ, 1871ರಲ್ಲಿ ಆಗ ರಷ್ಯದ ಚಕ್ರವರ್ತಿಗೆ ಅಧೀನವಾಗಿದ್ದ ಫಿನ್ಲೆಂಡಿನಲ್ಲಿಯೂ ಕಾರ್ಡು ಬಳಕೆಗೆ ಬಂದಿತು. ನಮ್ಮ ದೇಶದಲ್ಲಿ 1879ನೆಯ ಜುಲೈ 1ರಂದು ಕಾಲಾಣೆಯ ಕಾರ್ಡು ಮೊದಲಾಯಿತು. ಖಾಸಗಿಯವರು ಕಾರ್ಡನ್ನು ಅಚ್ಚುಮಾಡಬಹುದೆಂಬ ಅನುಮತಿ ದೊರೆತ ಮೇಲೆ, ಬರವಣಿಗೆಯೊಡನೆ ಚಿತ್ರವೂ ಅದರಲ್ಲಿ ಸೇರಿಕೊಂಡಿತು. ಚಿತ್ರದೊಡನೆ ಹಾಸ್ಯವೂ ಬಂದಿತು. ಲಕೋಟೆಯಿಲ್ಲದುದರಿಂದ ಆ ಹಾಸ್ಯವನ್ನು ಕಳುಹಿಸಿದವನೂ ಪಡೆದವನೂ ಮಾತ್ರವಲ್ಲದೆ, ನಡುವೆ ಅಂಚೆಯವನೂ ನೋಡಿ ನಕ್ಕನು.

ಆದರೆ ಯಾರನ್ನು ನೋಡಿ ನಕ್ಕನೆಂಬುದನ್ನು ವಿಚಾರಿಸಬೇಕು. ಮುದಿತನವನ್ನು, ಅದರಲ್ಲಿಯೂ ಹೆಣ್ಣಿನ ಮುದಿತನವನ್ನು ಪರಿಹಾಸ್ಯಮಾಡುವ ಸಂಪ್ರದಾಯವು ಕಾರ್ಡಿಗಿಂತ ಬಹಳ ಹಳೆಯದು. ಆಂಟ್ವರ್ಪ್ ನಗರದ ಚಿತ್ರಕಾರ ಕ್ವೆಂಟಿನ್ ಮಾಟ್ಸೀಸನು ಸುಮಾರು 1513ರಲ್ಲಿ ಬರೆದ ವೃದ್ಧೆಯೊಬ್ಬಳ ಚಿತ್ರವು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಸುಕ್ಕುಬಿದ್ದ ಮೈಯ ಆ ಮುದುಕಿಯು ತನ್ನ ಕಾಲಕ್ಕೆ ಹಳತಾಗಿದ್ದ ಕೊಂಬಿನಾಕಾರದ ಶಿರೋವೇಷ್ಟನವನ್ನು ಧರಿಸಿ, ಎದೆ ತೋರುವ ಉಡುಪನ್ನು ತೊಟ್ಟು, ಕೈಯಲ್ಲೊಂದು ಗುಲಾಬಿಯ ಮೊಗ್ಗನ್ನು ಹಿಡಿದಿರುವಳು. ವಯಸ್ಸು ಮೀರಿದವಳಿಗೆ ಶೃಂಗಾರವೇತಕ್ಕೆಂಬ ಕುಹಕವು ಅದರಲ್ಲಿ ಸ್ಪಷ್ಟವಾಗಿದೆ. ಈ ದೃಷ್ಟಿಯೇ ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನ ಸಮುದ್ರತೀರದ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಹಾಸ್ಯದ ಕಾರ್ಡುಗಳಿಗೂ ಇಳಿದುಬಂದಿತು. ಅವುಗಳ ರಚಕರಲ್ಲಿ ಅಗ್ರಗಣ್ಯನಾದವನು ಡೊನಾಲ್ಡ್ ಮೆಗಿಲ್ (1875–1962). ಸ್ಥೂಲಕಾಯದ ಹೆಂಡತಿ, ಅವಳಿಗೆ ನಡುಗುವ ಗಂಡ, ಕುಡುಕ, ನವದಂಪತಿಗಳು ಎಂಬಿವರೇ ಅವನ ಪಾತ್ರಗಳು. 1941ರಲ್ಲಿ ಈ ಕಾರ್ಡುಗಳನ್ನು ಕುರಿತು ಪ್ರಸಿದ್ಧವಾದ ಪ್ರಬಂಧವನ್ನು ಬರೆದ ಜಾರ್ಜ್ ಆರ್ವೆಲನು ಸೂಕ್ಷ್ಮವಾದ ಒಂದಂಶವನ್ನು ಗುರುತಿಸಿದನು: ಈ ಕಾರ್ಡುಗಳ ಲೋಕದಲ್ಲಿ ಯೌವನವು ಮದುವೆಯೊಡನೆ ಮುಗಿದುಹೋಗುತ್ತದೆ; ಅದರಾಚೆ ಚೆಲುವೆಂಬುದೇ ಇಲ್ಲ. 1954ರಲ್ಲಿ, 79 ವರ್ಷದ ಮುದುಕನಾಗಿದ್ದ ಮೆಗಿಲನನ್ನು ಲಿಂಕನ್ ನಗರದ ನ್ಯಾಯಸ್ಥಾನದಲ್ಲಿ ಅಶ್ಲೀಲತೆಯ ಆಪಾದನೆಯ ಮೇಲೆ ವಿಚಾರಿಸಿ, 50 ಪೌಂಡುಗಳ ಜುಲ್ಮಾನೆಯನ್ನೂ 25 ಪೌಂಡುಗಳ ಖರ್ಚನ್ನೂ ವಿಧಿಸಿದರು. ಅಲ್ಲಿ ತೂಗಲ್ಪಟ್ಟುದು ಮರ್ಯಾದೆಯ ಪ್ರಶ್ನೆ. ವಯಸ್ಸಾದ ಹೆಂಗಸಿನ ದೇಹವನ್ನೇ ನಗೆಗೀಡುಮಾಡುವುದು ನ್ಯಾಯವೋ ಎಂಬ ಪ್ರಶ್ನೆಗೆ ಯಾವ ಶಾಸನದಲ್ಲಿಯೂ ಸ್ಥಳವಿರಲಿಲ್ಲ.

ಫಿನ್ಲೆಂಡಿನಲ್ಲಿ ಕಾರ್ಡಿನ ಕಲೆಯು ಬೇರೊಂದು ಹಾದಿಯನ್ನು ಹಿಡಿದಿತ್ತು. ರುಡಾಲ್ಫ್ ಕೊಯಿವು (1890–1946) ಅದ್ಭುತಕಥೆಗಳ ಲೋಕವನ್ನು ಕ್ರಿಸ್‌ಮಸ್ ಕಾರ್ಡುಗಳಿಗೆ ತಂದನು. ಮಾರ್ತಾ ವೆಂಡೆಲಿನ್ (1893–1986) ಎಂಬಾಕೆಯು ಹಳ್ಳಿಯ ಮನೆ, ತಾಯಿ, ಮಕ್ಕಳು, ಹಿಮ ಮುಸುಕಿದ ಅಂಗಳ ಇವುಗಳನ್ನು ಅಸಂಖ್ಯಾತ ಕಾರ್ಡುಗಳಲ್ಲಿ ಚಿತ್ರಿಸಿ ಮನೆಮಾತಾದಳು. ಈ ಚಿತ್ರಗಳಲ್ಲಿ ಕುಹಕವಿಲ್ಲ, ವಾತ್ಸಲ್ಯವಿದೆ. ಆದರೂ ವಾತ್ಸಲ್ಯವು ಮನುಷ್ಯರನ್ನು ತಾಯಿ, ಮಗು, ಅಜ್ಜಿ ಎಂಬ ಸಂಬಂಧದ ಚೌಕಟ್ಟಿನಲ್ಲಿಯೇ ಕಾಣುವುದು. ಮುದುಕಿಯೊಬ್ಬಳು ಯಾರ ಅಜ್ಜಿಯಾಗಿಯೂ ಅಲ್ಲದೆ ತನ್ನಷ್ಟಕ್ಕೆ ತಾನು ಸಂತೋಷಪಡಬಹುದೆಂಬ ಭಾವನೆಗೆ ಕಾರ್ಡಿನಲ್ಲಿ ಇನ್ನೂ ರೂಪ ದೊರೆಯಬೇಕಾಗಿದ್ದಿತು.

ಇಂಗೆ ಲ್ಯೋಕ್ 1951ರಲ್ಲಿ ಹೆಲ್ಸಿಂಕಿ ನಗರದಲ್ಲಿ ಜನಿಸಿದರು. ತೋಟಗಾರಿಕೆಯಲ್ಲಿಯೂ ಚಿತ್ರಕಲೆಯಲ್ಲಿಯೂ ದುಡಿದ ಇವರು 1974ರಿಂದ ಸ್ವತಂತ್ರ ಚಿತ್ರಗಾರ್ತಿಯಾಗಿ ಕೆಲಸಮಾಡತೊಡಗಿ, ದಕ್ಷಿಣತೀರದ ಪೆರ್ನಾಯಾ ಎಂಬ ಗ್ರಾಮಪ್ರಾಂತದಲ್ಲಿ ನೆಲಸಿದರು. ಇವರ ಬಾಲ್ಯದಲ್ಲಿ ಇವರಿದ್ದ ಕಟ್ಟಡದಲ್ಲಿಯೇ ಆಲ್ಲಿ, ಫೀಫೀ ಎಂಬ ಇಬ್ಬರು ವೃದ್ಧೆಯರು ವಾಸವಾಗಿದ್ದರು. ಸದಾ ಉಲ್ಲಾಸದಿಂದಿದ್ದ ಆ ಇಬ್ಬರನ್ನು ಕಂಡ ಬಾಲಿಕೆಗೆ, ಮುಪ್ಪೆಂಬುದು ಭಯಪಡತಕ್ಕ ವಸ್ತುವಲ್ಲವೆಂಬ ನಂಬಿಕೆಯು ಬೇರೂರಿತು. ಮುಂದೆ ಇವರಿಗೆ ದೇಶಾಂತರಗಳಲ್ಲಿ ಕೀರ್ತಿ ತಂದ ಅಜ್ಜಿಯರ ಚಿತ್ರಮಾಲೆಗೆ ಆ ಇಬ್ಬರು ನೆರೆಯವರೇ ಮೂಲ.

ಈ ಕಾರ್ಡುಗಳಲ್ಲಿ ಕಾಣುವವರು ಹೂವಿನ ಅಂಗಿ ತೊಟ್ಟು, ಹಳೆಯ ಕಾಲದ ಟೋಪಿಯಿಟ್ಟ ಗುಂಡುಮೈಯ ಮುದುಕಿಯರು. ಸುಕ್ಕು, ಜೋಲುಮೈ, ದಪ್ಪ ಮೂಗು ಯಾವುದನ್ನೂ ಚಿತ್ರಗಾರ್ತಿಯು ಮರೆಮಾಡಿಲ್ಲ. ಬಾಹ್ಯಲಕ್ಷಣಗಳನ್ನು ಮಾತ್ರ ಎಣಿಸಿದರೆ ಇವರು ಮೆಗಿಲನ ಮುದುಕಿಯರಿಗೆ ಅಕ್ಕತಂಗಿಯರು. ಭೇದವಿರುವುದು ನಗೆಯ ಸ್ಥಾನದಲ್ಲಿ. ಇವರು ಹಿಮದ ಇಳಿಜಾರಿನಲ್ಲಿ ಜಾರುವರು, ಕುಣಿಯುವರು, ನೀರಿಗೆ ಇಳಿಯುವರು, ಮಕ್ಕಳಿಗೂ ಬೇಡವೆನ್ನಬಹುದಾದ ಚೇಷ್ಟೆಗಳಲ್ಲಿ ತೊಡಗುವರು, ನೋಡುವವನು ನಗುವುದಕ್ಕೆ ಮೊದಲೇ ತಾವು ಬಾಯ್ತುಂಬ ನಗುತ್ತಿರುವರು. ಬಹುಮಟ್ಟಿಗೆ ಇವರು ಒಬ್ಬಂಟಿಗರಲ್ಲ; ಒಬ್ಬಳ ಪಕ್ಕದಲ್ಲಿ ಮತ್ತೊಬ್ಬಳಿರುವಳು. ಅವರ ಸಂತೋಷವು ಮಕ್ಕಳು ಕೊಟ್ಟುದಲ್ಲ, ಮೊಮ್ಮಕ್ಕಳು ತಂದುದಲ್ಲ; ಸಮವಯಸ್ಕಳಾದ ಗೆಳತಿಯ ಸಹವಾಸದಿಂದ ಒದಗಿದುದು.

ಈ ನಗೆಯ ಹಿಂದಿರುವ ಕಾಲವನ್ನು ಗಮನಿಸಿದರೆ ಅದರ ಬೆಲೆ ತಿಳಿಯುವುದು. 1950ರ ದಶಕದಲ್ಲಿ ಹೆಲ್ಸಿಂಕಿಯಲ್ಲಿ ವೃದ್ಧೆಯರಾಗಿದ್ದವರು ಹುಟ್ಟಿದುದು ರಷ್ಯದ ಚಕ್ರಾಧಿಪತ್ಯದಲ್ಲಿ. 1906ರಲ್ಲಿ ಯೂರೋಪಿನಲ್ಲಿಯೇ ಮೊದಲಾಗಿ ಅಲ್ಲಿನ ಸ್ತ್ರೀಯರಿಗೆ ಮತಾಧಿಕಾರವು ಬಂದಿತು. ಮರುವರ್ಷದ ಚುನಾವಣೆಯಲ್ಲಿ 19 ಮಂದಿ ಸ್ತ್ರೀಯರು ಶಾಸನಸಭೆಯನ್ನು ಪ್ರವೇಶಿಸಿದರು. 1917ರಲ್ಲಿ ಸ್ವಾತಂತ್ರ್ಯ, 1918ರಲ್ಲಿ ಅಂತಃಕಲಹ. 1939ರಿಂದ 1944ರ ವರೆಗಿನ ಯುದ್ಧಗಳಲ್ಲಿ ಸುಮಾರು 90 ಸಾವಿರ ಫಿನ್ನರು ಮಡಿದರು; ಕರೇಲಿಯ ಪ್ರಾಂತದಿಂದ 4 ಲಕ್ಷಕ್ಕೂ ಮೀರಿದ ಜನರು ಮನೆಮಾರು ಬಿಟ್ಟು ಬಂದರು; 1944ನೆಯ ಫೆಬ್ರವರಿಯಲ್ಲಿ ಹೆಲ್ಸಿಂಕಿಯ ಮೇಲೆ ಮೂರು ಬಾರಿ ಬಾಂಬುಗಳ ಮಳೆ ಸುರಿಯಿತು. ಇಷ್ಟನ್ನೂ ಕಂಡ ತಲೆಮಾರಿನವರ ನಗೆಯು ಕಷ್ಟವನ್ನರಿಯದವರ ನಗೆಯಾಗಿರಲಾರದು. ಅದಕ್ಕೆ ಲೌಕಿಕವಾದ ಆಧಾರವೂ ಒದಗಿತು. 1937ರ ಶಾಸನದಿಂದ ಆರಂಭವಾದ ರಾಷ್ಟ್ರೀಯ ವಿಶ್ರಾಂತಿವೇತನವನ್ನು 1956ರ ಶಾಸನವು 65 ವರ್ಷ ತುಂಬಿದ ಸಮಸ್ತರಿಗೂ ವಿಸ್ತರಿಸಿತು. ಇನ್ನೊಬ್ಬರ ಕೈಯನ್ನು ನೋಡಬೇಕಾದ ಮುದುಕಿಯು ಅವರ ಮುಖವನ್ನೂ ನೋಡಿ ನಗಬೇಕಾಗುವುದು. ತನ್ನ ಅನ್ನ ತನಗಿರುವವಳು ಮಾತ್ರ ತನ್ನಿಚ್ಛೆಯಂತೆ ನಗಬಲ್ಲಳು.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ರೋಗ, ಏಕಾಂತ, ಮರಣಭಯ ಇವುಗಳಿಂದ ಕೂಡಿದ ವಾರ್ಧಕ್ಯವನ್ನು ಬರಿಯ ಆಟವೆಂಬಂತೆ ತೋರಿಸುವುದು ಸುಳ್ಳಲ್ಲವೇ ಎಂಬುದು ಒಂದು. ಕಾರ್ಡು ಪೂರ್ಣಸತ್ಯವನ್ನು ಹೇಳಹೊರಟುದಲ್ಲ. ಜರೆಯನ್ನು ಗರ್ಜಿಸುವ ಹೆಣ್ಣುಹುಲಿಗೆ ಹೋಲಿಸಿದ ಭರ್ತೃಹರಿಯೂ ಒಂದು ಪಾರ್ಶ್ವವನ್ನು ಮಾತ್ರ ಹೇಳಿದನು. ಭಯದ ಪಾರ್ಶ್ವವನ್ನು ಕವಿಗಳು ಸಾವಿರ ವರ್ಷ ವರ್ಣಿಸಿರುವಾಗ, ಹರ್ಷದ ಪಾರ್ಶ್ವವನ್ನು ಒಬ್ಬರು ವರ್ಣಿಸಿದರೆ ತಕ್ಕಡಿಯು ಸಮನಾಗುವ ಕಡೆಗೇ ವಾಲುವುದು. ವಯಸ್ಸಾದವರಿಗೆ ಗಾಂಭೀರ್ಯವೇ ಭೂಷಣವಲ್ಲವೇ ಎಂಬುದು ಎರಡನೆಯ ಆಕ್ಷೇಪ. ಭರತನು ನಗೆಯನ್ನು ಸ್ಮಿತದಿಂದ ಅತಿಹಸಿತದ ವರೆಗೆ ಆರಾಗಿ ವಿಂಗಡಿಸಿ, ಸ್ಮಿತ ಹಸಿತಗಳನ್ನು ಉತ್ತಮರಿಗೂ, ಕಡೆಯ ಎರಡನ್ನು ಅಧಮರಿಗೂ ವಿಧಿಸಿದನು. ಹಾಸ್ಯವು ಹೆಚ್ಚಾಗಿ ಸ್ತ್ರೀಯರಲ್ಲಿಯೂ ನೀಚಪ್ರಕೃತಿಗಳಲ್ಲಿಯೂ ಕಾಣುವುದೆಂದೂ ಹೇಳಿದನು. ಲ್ಯೋಕರ ಅಜ್ಜಿಯರದು ನಿಸ್ಸಂದೇಹವಾಗಿಯೂ ಅತಿಹಸಿತ. ಆದರೆ ಆಯುಷ್ಯವೆಲ್ಲ ಸ್ಮಿತಕ್ಕೂ ಅವಕಾಶವಿಲ್ಲದೆ ದುಡಿದವರು ಕೊನೆಗೊಮ್ಮೆ ಹೊಟ್ಟೆ ಹಿಡಿದುಕೊಂಡು ನಕ್ಕರೆ, ಅವರನ್ನು ಅಧಮರೆನ್ನುವ ಅಧಿಕಾರವು ಶಾಸ್ತ್ರಕ್ಕೂ ಇಲ್ಲ. ಗಾಂಭೀರ್ಯವು ತಾನಾಗಿ ಬಂದರೆ ಭೂಷಣ. ನೆರೆಯವರು ಹೊರಿಸಿದರೆ ಸಂಕೋಲೆ.

ಕಾರ್ಡಿನ ಕಾಲವು ಈಗ ಬಹುಮಟ್ಟಿಗೆ ಹಿಂದಾಯಿತು. ಸಮಾಚಾರವು ಕ್ಷಣಮಾತ್ರದಲ್ಲಿ ಕಾಗದವಿಲ್ಲದೆಯೇ ತಲಪುತ್ತದೆ. ಹೀಗಿದ್ದರೂ ಈ ಅಜ್ಜಿಯರ ಕಾರ್ಡುಗಳನ್ನು ಕೊಳ್ಳುವವರು ಹಲವು ದೇಶಗಳಲ್ಲಿರುವರು. ಅರುವತ್ತು ದಾಟಿದ ಗೆಳತಿಗೆ ಗೆಳತಿಯು ಇವನ್ನು ಕಳುಹಿಸುವಾಗ ಅಡಿಯಲ್ಲಿ ಹೆಚ್ಚು ಬರೆಯಬೇಕಾದುದಿಲ್ಲ. ಚಿತ್ರದಲ್ಲಿರುವ ಇಬ್ಬರಲ್ಲಿ ಒಬ್ಬಳು ತಾನು, ಮತ್ತೊಬ್ಬಳು ನೀನು ಎಂಬುದಷ್ಟೇ ಸಮಾಚಾರ. ಹೆಲ್ಸಿಂಕಿಯ ಕಟ್ಟಡವೊಂದರ ಇಬ್ಬರು ಮುದುಕಿಯರು ತಮ್ಮನ್ನು ಮಗುವೊಂದು ನೋಡುತ್ತಿರುವುದೆಂಬುದನ್ನು ಲೆಕ್ಕಿಸದೆ ನಕ್ಕಿದ್ದರು. ಆ ನಗೆಯೇ ಇಂದು ಅಂಚೆಯವನ ಚೀಲದಲ್ಲಿ ಮನೆಯಿಂದ ಮನೆಗೆ ಹೋಗುತ್ತಿದೆ.